18 ಇಂಚಿನ ಕಟ್ಟೆ

ಬಾಗಲಕೋಟೆಯ ಹಳೇ ಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇವೇ ನಮ್ಮ ವ್ಯಾಪಾರ. ಮಾವನವರು ಕಟ್ಟಿಸಿದ ಅಂಗಡಿ. ರಸ್ತೆಯಿಂದ 18 ಇಂಚು ಎತ್ತರದ ಕಟ್ಟೆ, ಅದಕ್ಕೆ ಮೂರು ಮೆಟ್ಟಿಲು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ ಮುಳುಗಡೆ ಆಗಿ ನವನಗರಕ್ಕೆ ಹೋದ ಮನೆತನಗಳು ಈಗಲೂ ಮದುವೆ, ಸೀಮಂತ ಅಂದರೆ ನಮ್ಮಲ್ಲಿಗೇ ಬರುತ್ತವೆ.

ಅವರಲ್ಲಿ ಒಬ್ಬರು ನಿವೃತ್ತ ಅಕ್ಕೋರು, ಅಂದರೆ ಶಾಲೆಯ ಶಿಕ್ಷಕಿ. ಗಾಲಿಕುರ್ಚಿಯಲ್ಲೇ ಓಡಾಡುತ್ತಾರೆ. ಅವರ ಆಟೋ ಬಂದು ನಿಂತರೆ ನಾನು ಅಂಗಡಿ ಹುಡುಗನ ಕೈಯಲ್ಲಿ ಐದು ಸೀರೆ ಕೊಟ್ಟು ಕಳಿಸುತ್ತಿದ್ದೆ. ಹಿಂದೆಯೇ ಚಹಾ ಹೋಗುತ್ತಿತ್ತು. ಅವರು ಆಟೋದಲ್ಲೇ ಕೂತು ಒಂದನ್ನು ಇಟ್ಟುಕೊಂಡು, ರೊಕ್ಕ ಕೊಟ್ಟು ಹೋಗುತ್ತಿದ್ದರು. ಎಷ್ಟೋ ವರ್ಷ ಹೀಗೇ ನಡೆಯಿತು. ಇದನ್ನು ನಾನು ಒಳ್ಳೇ ಮರ್ಯಾದೆ ಅಂತಲೇ ತಿಳಿದಿದ್ದೆ.

ಒಂದು ದಿನ ಹುಡುಗ ರಜೆ ಇದ್ದ. ನಾನೇ ಸೀರೆ ಹಿಡಿದು ಹೋದೆ. ಅವರು ಸೀರೆಗಳ ಮೇಲೆ ಕೈ ಇಟ್ಟು ಅಂದರು: "ತಂಗಿ, ಈ ಐದು ಸೀರಿ ನೀ ಆರಿಸಿದ್ದು. ನಾ ಆರಿಸೋದು ಯಾವಾಗ?"

ನನಗೆ ಉತ್ತರ ಹೊಳೆಯಲಿಲ್ಲ. ಒಳಗೆ ಕಪಾಟಿನ ತುಂಬ ನೂರಾರು ಸೀರೆ ಇದ್ದವು. ಬೇರೆ ಹೆಣ್ಣುಮಕ್ಕಳು ಬಂದರೆ "ಅದು ತೋರಸ್ರಿ, ಅದರ ಕೆಳಗಿಂದು ತೆಗೀರಿ" ಅಂತ ರಾಶಿ ಹಾಕಿಸುತ್ತಾರೆ. ಸೀರೆ ಕೊಳ್ಳುವ ಸುಖ ಇರೋದೇ ಅದರಲ್ಲಿ, ಅಲ್ವಾ? ಅಕ್ಕೋರಿಗೆ ಆ ಸುಖ ಒಮ್ಮೆಯೂ ಸಿಕ್ಕಿರಲಿಲ್ಲ.

ಮರುವಾರವೇ ಗೌಂಡಿಯನ್ನು ಕರೆಸಿದೆ. ಅವನು ಒಂದೇ ದಿನದಲ್ಲಿ ಮೆಟ್ಟಿಲ ಪಕ್ಕ ನಾಲ್ಕು ಅಡಿಯ ಸಿಮೆಂಟ್ ಇಳಿಜಾರು ಮಾಡಿಕೊಟ್ಟ. ಅಕ್ಕೋರು ಬಂದು ನೋಡಿದರು. ಹತ್ತಲಿಲ್ಲ. "ಇದರ ಮ್ಯಾಲೆ ಇಬ್ಬರು ನೂಕಬೇಕು, ಒಬ್ಬರು ನನ್ನ ಹಿಡೀಬೇಕು. ಇಳಿಯುವಾಗ ದೇವರೇ ಗತಿ" ಅಂದರು. ಆಮೇಲೆ ಲೆಕ್ಕವನ್ನೂ ಅವರೇ ಹೇಳಿಕೊಟ್ಟರು. ಒಂದು ಇಂಚು ಏರಬೇಕಾದರೆ ಕನಿಷ್ಠ 12 ಇಂಚು ಉದ್ದ ಬೇಕು. ನಮ್ಮದು 18 ಇಂಚು. ಅಂದರೆ 18 ಅಡಿ ಉದ್ದದ ಇಳಿಜಾರು. ನಮ್ಮ ಅಂಗಡಿ ಮುಂದೆ ಇರೋದು ಐದು ಅಡಿ, ಆಮೇಲೆ ಗಟಾರ.

ಕಟ್ಟಿದ್ದನ್ನು ಒಡೆಸಿದೆ. ಮನೆಯಲ್ಲಿ ಮೈದುನ ಸಿಟ್ಟಾದ. "ವರ್ಷಕ್ಕ ಎಷ್ಟು ಮಂದಿ ಬರ್ತಾರ ವೈನಿ ಅಂಥವರು?" ಅಂತ ಕೇಳಿದ. ಮೆಟ್ಟಿಲು ಇಟ್ಟುಕೊಂಡು ಹಾಗೆ ಎಣಿಸಿದರೆ ಲೆಕ್ಕ ಹೇಗೆ ಸಿಗಬೇಕು? 2011ರ ಜನಗಣತಿಯಲ್ಲಿ ನಮ್ಮ ರಾಜ್ಯ ಒಂದರಲ್ಲೇ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು. ಅವರ ಮನೆಗಳಲ್ಲೂ ಮದುವೆ ಆಗುತ್ತವೆ, ಕುಬುಸ ಮಾಡುತ್ತಾರೆ. ಅವರು ಬರಲಾಗದ ಅಂಗಡಿಗೆ ಅವರ ಮನೆಯವರೂ ಬರೋದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಸೇವೆ ಕೊಡುವವರು ಸರ್ಕಾರದವರಿರಲಿ, ಖಾಸಗಿಯವರಿರಲಿ, ಎಲ್ಲರಿಗೂ ಅನ್ವಯಿಸುತ್ತದೆ. ಇಷ್ಟನ್ನು ಮೈದುನನ ಮುಂದೆ ಇಟ್ಟೆ. ಅವನು ಒಪ್ಪಿದ ಅಂತಲ್ಲ, ಆದರೆ ಅಡ್ಡ ಬರಲಿಲ್ಲ.

ಅಂಗಡಿಯ ಎಡಕ್ಕೆ ನಮ್ಮದೇ ಒಂದು ಸಂದಿ ಇದೆ. ಖಾಲಿ ಪೆಟ್ಟಿಗೆ, ರಟ್ಟು ಒಗೆಯುವ ಜಾಗ. ಅದನ್ನೇ ಸ್ವಚ್ಛ ಮಾಡಿಸಿ, ಗೋಡೆಗುಂಟ 18 ಅಡಿ ಇಳಿಜಾರು ಹಾಕಿಸಿದೆ. ಎರಡೂ ಕಡೆ ಹಿಡಿಕೆ ಕಂಬಿ. ಗಾಲಿ ಅಂಚಿಗೆ ಜಾರಬಾರದು ಅಂತ ಬದಿಗೆ ಸಣ್ಣ ದಂಡೆ. ಮೇಲೆ ಬಾಗಿಲ ಮುಂದೆ ಐದಡಿ ಉದ್ದ, ಐದಡಿ ಅಗಲದ ಸಮತಟ್ಟು ಜಾಗ. ಅದಿಲ್ಲದಿದ್ದರೆ ಕುರ್ಚಿ ತಿರುಗಿಸಲು ಆಗೋದಿಲ್ಲ. ಕಲ್ಲು ಹಾಸುವಾಗ ಗೌಂಡಿ ಪಾಲಿಶ್ ಮಾಡಿದ ಇಳಕಲ್ ಗ್ರಾನೈಟ್ ತಂದಿದ್ದ. ಕೆಂಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದು ಚೊಂಬು ನೀರು ಹಾಕಿ ಚಪ್ಪಲಿ ಕಾಲಲ್ಲಿ ನಿಂತು ನೋಡಿದೆ, ಜಾರಿತು. ವಾಪಸ್ ಕೊಟ್ಟು ಅದೇ ಕಲ್ಲನ್ನು ಪಾಲಿಶ್ ಇಲ್ಲದ, ಒರಟು ಮೈಯದ್ದು ತರಿಸಿದೆ.

ಸಂದಿಯ ಬಾಗಿಲು ಮೊದಲು ಗೋದಾಮಿನದು, ಎರಡೂವರೆ ಅಡಿ ಅಗಲ. ಅದನ್ನು ಮೂರು ಅಡಿ ಮಾಡಿಸಿ, ಹೊಸ್ತಿಲು ತೆಗೆಸಿದೆ. ಹೊಸ್ತಿಲು ತೆಗೆಯಲು ಅತ್ತೆ ಬೇಡ ಅಂದರು. ಕಡೆಗೆ ನೆಲಕ್ಕೆ ಸಮ ಆಗುವ ಹಾಗೆ ಒಂದು ಹಿತ್ತಾಳೆ ಪಟ್ಟಿ ಕೂರಿಸಿ, ಅದಕ್ಕೆ ಅರಿಷಿಣ-ಕುಂಕುಮ ಹಚ್ಚುತ್ತೇವೆ. ಹೀಗೆ ಮಾಡಿದ ಮೇಲೂ ಒಂದು ಮಾತು ಮನಸ್ಸಿನಲ್ಲಿ ಉಳಿಯಿತು. ಅಕ್ಕೋರನ್ನು ಗೋದಾಮಿನ ಬಾಗಿಲಿಂದ ಒಳಗೆ ಕರೆಯೋದು ಸರಿಯೇ? ಅದಕ್ಕೇ ಗಲ್ಲಾ, ಹೊಸ ಮಾಲಿನ ಕಪಾಟು, ದೇವರ ಫೋಟೋ, ಎಲ್ಲವನ್ನೂ ಆ ಕಡೆಗೆ ಸರಿಸಿದೆ. ಈಗ ಎಲ್ಲ ಗಿರಾಕಿಗಳೂ ಆ ಬಾಗಿಲಿಂದಲೇ ಬರುತ್ತಾರೆ.

ಒಳಗೆ ನಮ್ಮಲ್ಲಿ ಗಾದಿ ಮೇಲೆ ಕೂತು ಸೀರೆ ನೋಡುವ ಪದ್ಧತಿ. ಗಾದಿ ಇಟ್ಟುಕೊಂಡೇ, ಪಕ್ಕಕ್ಕೆ 30 ಇಂಚು ಎತ್ತರದ ಉದ್ದನೆ ಮೇಜು ಮಾಡಿಸಿದೆ. ಅದರ ಕೆಳಗೆ ಖಾನೆ ಇಲ್ಲ, ಮೊಣಕಾಲು ಒಳಗೆ ಹೋಗಬೇಕು. ಮಂಡಿನೋವಿನ ಹಿರಿಯರೂ ಈಗ ಆ ಮೇಜಿಗೇ ಬರುತ್ತಾರೆ. ಕನ್ನಡಿಯನ್ನು ನೆಲದವರೆಗೆ ಇಳಿಸಿದೆ.

ಇಷ್ಟು ಮಾಡಿ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಆಗ ಒಬ್ಬ ತಾಯಿ, ಮಗಳು ಬಂದರು. ಮಗಳಿಗೆ ಕಣ್ಣು ಕಾಣೋದಿಲ್ಲ. ನಾನು ತಾಯಿಯ ಮುಖ ನೋಡಿ "ಇವರಿಗೆ ಯಾವ ಬಣ್ಣ ತೋರಿಸಲಿ?" ಅಂದೆ. ಮಗಳು ತಕ್ಷಣ ಹೇಳಿದಳು: "ಅಕ್ಕಾರ, ರೊಕ್ಕ ಕೊಡಾಕಿ ನಾನು. ನನ್ನ ಕೇಳ್ರಿ." ನಾಚಿಕೆಯಾಯಿತು. ಕ್ಷಮೆ ಕೇಳಿ ಅವಳ ಪಕ್ಕದಲ್ಲೇ ಕೂತೆ.

ಅವಳು ಸೀರೆ ನೋಡುವ ರೀತಿಯಿಂದ ನಾನೇ ಕಲಿತೆ. ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸಿನ, ಅಂದರೆ ಉದ್ದದ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೇ ಕೊಂಡಿ ಅನ್ನೋದು. ಅವಳ ಬೆರಳು ಸೀದಾ ಆ ಕೊಂಡಿಯ ಸಾಲಿಗೆ ಹೋಯಿತು. ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ, "ಇದು ರೇಷ್ಮಿ. ಆ ಮೊದಲಿಂದು ಚಮಕಾ, ಅಲ್ರೀ?" ಅಂದಳು. ಹೌದು, ಅದು ಚಮಕಾವೇ, ಅಂದರೆ ಕೃತಕ ರೇಷ್ಮೆ. ಬಣ್ಣವನ್ನೂ ಬಿಡಲಿಲ್ಲ. ಒಡಲು ಯಾವುದು, ದಡಿ ಯಾವುದು, ಕೆಂಪು ಸೆರಗಿನ ಬಿಳಿ ತೋಪು ತೆನೆ ಚಿತ್ತಾರ ಎಷ್ಟು ದೊಡ್ಡದು ಅಂತ ಒಂದೊಂದೇ ಕೇಳಿ ಮೂರು ಸೀರೆ ಆರಿಸಿದಳು.

ಮೂರೂ ಒಂದೇ ನೇಯ್ಗೆ. ಮನೆಯಲ್ಲಿ ಗುರುತು ಹಿಡಿಯೋದು ಹೇಗೆ ಅಂತ ಕೇಳಿದೆ. ಉಪಾಯ ಅವಳೇ ಹೇಳಿದಳು. ಒಳ ಮೂಲೆಯಲ್ಲಿ ದಾರದ ಗಂಟು. ಹಸಿರಿಗೆ ಒಂದು, ನೀಲಿಗೆ ಎರಡು, ದಾಳಿಂಬೆ ಬಣ್ಣಕ್ಕೆ ಮೂರು. ನಮಗೆ ಕಸೂತಿ ಹಾಕಿಕೊಡುವ ಅಮ್ಮ ನಕ್ಕುಬಿಟ್ಟರು. ಕಸೂತಿಯಲ್ಲಿ ಗಂಟು ಬೀಳಬಾರದು, ಹಿಂದೆ ಮುಂದೆ ಒಂದೇ ಥರ ಕಾಣಬೇಕು ಅನ್ನೋದು ಅವರು ಜನ್ಮಪೂರ್ತಿ ಪಾಲಿಸಿದ ನಿಯಮ. ಇಲ್ಲಿ ಬೇಕಾದದ್ದು ಗಂಟೇ. ಈಗ ಯಾರು ಕೇಳಿದರೂ ಹಾಕಿಕೊಡುತ್ತೇವೆ.

ಚಿಲ್ಲರೆ ಕೊಡುವುದನ್ನೂ ಅವಳಿಂದಲೇ ಕಲಿತೆ. 200ರ ನೋಟಿಗೂ 500ರ ನೋಟಿಗೂ ಉದ್ದದಲ್ಲಿ 4 ಮಿಲಿಮೀಟರ್ ಮಾತ್ರ ವ್ಯತ್ಯಾಸ. ಅಂಚಿನಲ್ಲಿ ಉಬ್ಬು ಗೆರೆ ಇರುತ್ತವೆ. 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸಣ್ಣ ವೃತ್ತ, 500ಕ್ಕೆ ಐದು. ಆದರೆ ನಮ್ಮ ಪೇಟೆಯಲ್ಲಿ ಕೈ ಬದಲಾಗಿ ಮೆತ್ತಗಾದ ನೋಟಿನಲ್ಲಿ ಆ ಗೆರೆ ಎಲ್ಲಿ ಉಳಿದಿರುತ್ತವೆ? ಅದಕ್ಕೇ ಒಂದೊಂದೇ ನೋಟು, ಎಷ್ಟರದು ಅಂತ ಹೇಳಿ ಕೈಗೆ ಕೊಡುತ್ತೇನೆ. ಕಾರ್ಡ್ ಮಿಷನ್ನೂ ಬದಲಾಯಿಸಿದೆ. ಗಾಜಿನ ಪರದೆಯದ್ದರಲ್ಲಿ ಅವಳು ಪಿನ್ ಒತ್ತಲಾಗದೆ ತಾಯಿಗೆ ಹೇಳಬೇಕಾಗಿತ್ತು. ಗುಂಡಿ ಇರುವುದರಲ್ಲಿ 5ರ ಮೇಲೆ ಒಂದು ಉಬ್ಬು ಚುಕ್ಕೆ ಇರುತ್ತದೆ. ಅದೊಂದು ಸಿಕ್ಕರೆ ಉಳಿದ ಅಂಕಿಗಳು ಬೆರಳಿಗೆ ತಾವೇ ಸಿಗುತ್ತವೆ.

ಕಿವಿ ಕೇಳದ ಗಂಡ ಹೆಂಡತಿ ಬಂದ ಮೇಲೆ ಬೆಲೆ ಚೀಟಿಯೂ ಬದಲಾಯಿತು. ಮೊದಲು ನಮಗಷ್ಟೇ ತಿಳಿಯುವ ಗುಟ್ಟಿನ ಅಕ್ಷರಗಳಲ್ಲಿ ಬರೆಯುತ್ತಿದ್ದೆವು. ಮಾತಾಡಿ ಚೌಕಾಸಿ ಮಾಡಲಾಗದವರು ಹೇಳಿದಷ್ಟು ಕೊಟ್ಟು ಹೋಗುತ್ತಿದ್ದರು. ಇದು ತಪ್ಪು ಅಂತ ನನಗೆ ಮೊದಲೇ ಅನಿಸಬೇಕಿತ್ತು. ಈಗ ದೊಡ್ಡ ಅಂಕಿಯಲ್ಲಿ ಬೆಲೆ ಬರೆದಿದ್ದೇವೆ. ಅವರೊಂದಿಗೆ ಚೌಕಾಸಿ ಕ್ಯಾಲ್ಕುಲೇಟರ್ ಮೇಲೆ ನಡೆಯುತ್ತದೆ. ಹೆಂಡತಿ ಬಹಳ ಗಟ್ಟಿ.

ಇನ್ನೂ ಒಂದು ತೊಂದರೆ ಹೋಗಿಲ್ಲ. ಇಳಿಜಾರಿನ ಬಾಯಿಗೇ ಬೈಕ್ ನಿಲ್ಲಿಸಿ ಹೋಗುತ್ತಾರೆ. ಹಳದಿ ಬಣ್ಣ ಬಳಿಸಿದೆ, ಬೋರ್ಡ್ ಹಾಕಿದೆ. ಆದರೂ ತಾಸಿಗೊಮ್ಮೆ ನಾನೇ ಹೊರಗೆ ಬಂದು ನೋಡಬೇಕು.

ಹೋದ ತಿಂಗಳು ಅಕ್ಕೋರು ಮೊಮ್ಮಗಳ ಮದುವೆ ಸೀರೆಗೆ ಬಂದರು. ಯಾರೂ ನೂಕಲಿಲ್ಲ, ಕಂಬಿ ಹಿಡಿದು ತಾವೇ ಮೇಲೆ ಬಂದರು. ಮೇಜಿಗೆ ಕುರ್ಚಿ ಸೇರಿಸಿ ಕೂತರು. "ಅದು ತೆಗಿ, ಅದರ ಕೆಳಗಿಂದು ತೋರಸು" ಅಂತ ಎರಡು ತಾಸು ತೆಗೆಸಿದರು. ಮೇಜಿನ ಮೇಲೆ ನಲವತ್ತು ಸೀರೆ ರಾಶಿ ಬಿತ್ತು. ಕಡೆಗೆ ಕನ್ನಡಕ ತೆಗೆದು, "ಯಾಕೋ ಒಂದೂ ಮನಸ್ಸಿಗೆ ಬರವಲ್ದು ತಂಗಿ. ಹೊಸಾ ಮಾಲು ಬಂದ ಮ್ಯಾಲೆ ಬರ್ತೀನಿ" ಅಂದು, ಚಹಾ ಕುಡಿದು ಹೋದರು. ಹುಡುಗ ಮುಖ ಸಣ್ಣದು ಮಾಡಿದ. ನಾನು ಹಾಡು ಗುನುಗುತ್ತಾ ನಲವತ್ತೂ ಸೀರೆ ಮಡಚಿಟ್ಟೆ.