ಹಣ ಇದೆ, ಕೊಡುವ ಅಧಿಕಾರ ಇದೆಯಾ?

ಆರ್ಥಿಕ ಇಲಾಖೆಯ ಆಯವ್ಯಯ ಶಾಖೆಯಲ್ಲಿ ನಾನು ಅತಿ ಹೆಚ್ಚು ಯೋಚಿಸಿ ಟಿಪ್ಪಣಿ ಬರೆಯುತ್ತಿದ್ದದ್ದು ಕೋರ್ಟ್ ಡಿಕ್ರಿಯ ಕಡತಗಳಿಗೆ. ಒಂದನ್ನು ಹೇಳುತ್ತೇನೆ.

ಭೂಸ್ವಾಧೀನದಲ್ಲಿ ಜಮೀನು ಹೋದ ರೈತರಿಗೆ ಹೆಚ್ಚಿನ ಪರಿಹಾರ ಕೊಡಿ ಎಂದು ನ್ಯಾಯಾಲಯ ಹೇಳಿತ್ತು. ತಡವಾದಷ್ಟೂ ಬಡ್ಡಿ ಏರುತ್ತಿತ್ತು. ಜಮೀನು ಪಡೆದ ಇಲಾಖೆಯವರು, "ಕಾಮಗಾರಿ ಶೀರ್ಷಿಕೆಯಲ್ಲಿ ಉಳಿತಾಯ ಇದೆ, ಅಲ್ಲಿಂದ ಪುನರ್ವಿನಿಯೋಗ ಮಾಡಿಕೊಡಿ" ಎಂದು ಬರೆದಿದ್ದರು. ಅಂದರೆ ಒಂದು ಬಾಬ್ತಿನಲ್ಲಿ ಉಳಿದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸಿ ಎಂದು. ಒಂದೇ ಇಲಾಖೆ, ಒಂದೇ ಬೇಡಿಕೆ (ಸದನದ ಮುಂದೆ ಇಡುವ ಅನುದಾನದ ಕೋರಿಕೆ), ಹಣವೂ ಇದೆ. ಸರಿಯಾಗೇ ಕಾಣುತ್ತದೆ, ಅಲ್ವಾ?

ನಾನು ಮೊದಲು ನೋಡಿದ್ದು ಹಣವನ್ನಲ್ಲ, ಅದರ ಜಾತಕವನ್ನು. ಸಂವಿಧಾನದ 202(3)ನೇ ವಿಧಿಯ ಪ್ರಕಾರ ಕೋರ್ಟ್ ಡಿಕ್ರಿಯ ಹಣ ಪ್ರಭೃತ ವೆಚ್ಚ, ಅಂದರೆ ಸಂವಿಧಾನವೇ ರಾಜ್ಯದ ಖಜಾನೆಯ ಮೇಲೆ ಹೊರಿಸಿದ ಖರ್ಚು. ಇದನ್ನು ಸದನದಲ್ಲಿ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಹಾಗಂತ ಸುಮ್ನೆ ಕೊಟ್ಟುಬಿಡಲೂ ಆಗದು. ಯಾವುದಕ್ಕೆ ಎಷ್ಟು ಹಣ ತೆಗೆಯಬಹುದು ಎಂದು ಹೇಳುವ ಧನವಿನಿಯೋಗ ಕಾಯ್ದೆಯಲ್ಲಿ ಈ ಮೊತ್ತವೂ ಇರಲೇಬೇಕು. ಇಲ್ಲದಿದ್ದರೆ 204(3) ಅಡ್ಡ ಬರುತ್ತದೆ: ರಾಜ್ಯದ ಮುಖ್ಯ ಖಜಾನೆಯಾದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ.

ಕಾಮಗಾರಿಯ ಉಳಿತಾಯವಾದರೋ ಶಾಸಕರು ಮತ ಹಾಕಿ ಕೊಟ್ಟದ್ದು. ಅದನ್ನು ಪ್ರಭೃತ ವೆಚ್ಚಕ್ಕೆ ತಿರುಗಿಸಲು ಬರುವುದಿಲ್ಲ. ಕಾಯ್ದೆಯ ಪಟ್ಟಿಯಲ್ಲೇ ಎರಡಕ್ಕೂ ಬೇರೆ ಬೇರೆ ಅಂಕಣ ಇದೆ. ಒಂದರಿಂದ ಇನ್ನೊಂದಕ್ಕೆ ದಾಟಿಸಿದರೆ ಸದನ ಕೊಟ್ಟ ಒಪ್ಪಿಗೆಯನ್ನೇ ನಾವು ಕಚೇರಿಯಲ್ಲಿ ಕೂತು ತಿದ್ದಿದ ಹಾಗೆ. ಈ ಗೆರೆಯನ್ನು ಕಾಯುವುದೇ ಶಾಖೆಯ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ. ತಾಂತ್ರಿಕ ತಕರಾರು ಎಂದು ಯಾರಾದರೂ ಹೇಳಿದರೆ ನನಗೆ ಬೇಜಾರಾಗುತ್ತದೆ.

ಆದರೆ ರೈತರನ್ನು ಕಾಯಿಸುವುದೂ ತಪ್ಪು. ಅದೇ ಬೇಡಿಕೆಯ ಪ್ರಭೃತ ಭಾಗದಲ್ಲಿ ಉಳಿತಾಯ ಹುಡುಕಿದೆ, ಸಿಗಲಿಲ್ಲ. ಸದನ ಸೇರಲು ಇನ್ನೂ ಸಮಯವಿತ್ತು. ಉಳಿದ ದಾರಿ 267(2)ನೇ ವಿಧಿಯ ಸಾದಿಲ್ವಾರು ನಿಧಿ, ಅಂದರೆ ಊಹಿಸಿರದ ವೆಚ್ಚಕ್ಕೆ ಮುಂಗಡ ಕೊಡಲು ಇರುವ ನಿಧಿ. ವೆಚ್ಚವನ್ನು ಮೊದಲೇ ಊಹಿಸಲು ಯಾಕೆ ಆಗಲಿಲ್ಲ, ಅಧಿವೇಶನದವರೆಗೆ ಯಾಕೆ ತಡೆಯಲಾಗದು ಎಂದು ಇಲಾಖೆಯಿಂದ ಬರವಣಿಗೆಯಲ್ಲಿ ತರಿಸಿದೆ. ತೀರ್ಪಿನ ಪ್ರತಿ, ಬಡ್ಡಿಯ ಲೆಕ್ಕ ಜೊತೆಗಿಟ್ಟೆ. ಮುಂಗಡ ಮಂಜೂರಾಯಿತು, ಪರಿಹಾರ ಪಾವತಿಯಾಯಿತು.

ಮುಂದಿನ ಪೂರಕ ಅಂದಾಜಿನಲ್ಲಿ ಆ ಮೊತ್ತವನ್ನು ಪ್ರಭೃತ ಎಂದೇ ತೋರಿಸಿದೆವು. ಧನವಿನಿಯೋಗ ಮಸೂದೆ ಕಾಯ್ದೆಯಾದ ಮೇಲೆ ಸಾದಿಲ್ವಾರು ನಿಧಿಗೆ ಹಣ ಮರಳಿ ತುಂಬಿದೆವು. ಆಮೇಲೆ ಪ್ರತಿ ವರ್ಷ ಅಂದಾಜು ತಯಾರಿಸುವಾಗಲೇ ತೀರ್ಪು ಬಂದಿರುವ, ಬರಲಿರುವ ಪ್ರಕರಣಗಳ ಪಟ್ಟಿಯನ್ನು ಇಲಾಖೆಗಳಿಂದ ಕೇಳಿ ಪಡೆಯತೊಡಗಿದೆ.