ಹಳೆ ನೋಟ್‌ಬುಕ್ಕಿನಿಂದ ಹೊಸ ಹಾಳೆ

ಪರೀಕ್ಷೆ ಮುಗಿದ ಕೂಡಲೇ ಮಕ್ಕಳ ನೋಟ್‌ಬುಕ್ಕುಗಳು ರದ್ದಿ ಅಂಗಡಿಗೆ ಹೋಗುತ್ತವೆ. ಈ ಸಲ ಒಂದೆರಡು ಇಟ್ಟುಕೊಳ್ಳಿ. ಅಡುಗೆಮನೆಯಲ್ಲೇ ಅವುಗಳಿಂದ ದಪ್ಪ ಹಾಳೆ ಮಾಡಬಹುದು.

ದಿನಪತ್ರಿಕೆ ಯಾಕೆ ಬೇಡ? ಅದಕ್ಕೆ ಹೆಚ್ಚಾಗಿ ಮರವನ್ನು ಸುಮ್ನೆ ಅರೆದು ನಾರು ತೆಗೆಯುತ್ತಾರೆ. ಮರದಲ್ಲಿ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಅದರಲ್ಲೇ ಉಳಿಯುತ್ತದೆ. ಬಿಸಿಲಲ್ಲಿಟ್ಟ ಪೇಪರ್ ಬೇಗ ಹಳದಿಯಾಗುವುದು ಅದಕ್ಕೇ. ನೋಟ್‌ಬುಕ್ ಕಾಗದಕ್ಕೆ ರಾಸಾಯನಿಕ ಹಾಕಿ ಬೇಯಿಸಿ ಲಿಗ್ನಿನ್ ತೆಗೆದಿರುತ್ತಾರೆ. ಹಳೆ ಪತ್ರಿಕೆ ಮೊಟ್ಟೆ ಟ್ರೇ ಮಾಡಲು ಸಾಕು, ಬರೆಯುವ ಹಾಳೆಗೆ ಅಷ್ಟು ಒಳ್ಳೆಯದಲ್ಲ.

ನೆನೆಸಿ, ರುಬ್ಬಿ

ಪಿನ್ನು, ರಟ್ಟು ತೆಗೆದು ಹತ್ತು ಹಾಳೆಗಳನ್ನು ಬೆರಳುಗುರಿನಷ್ಟು ಚೂರು ಮಾಡಿ. ರಾತ್ರಿಯಿಡೀ ನೀರಲ್ಲಿ ನೆನೆಸಿ. ಬೆಳಿಗ್ಗೆ ಒಂದೊಂದೇ ಹಿಡಿ ಹಾಕಿ, ನೀರು ಜಾಸ್ತಿ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ತೆಳ್ಳಗಿನ ರಾಗಿ ಅಂಬಲಿಯಂತೆ ಬಂದರೆ ಸಾಕು. ನುಣ್ಣಗಾಗಲಿ ಎಂದು ಮತ್ತೆ ಮತ್ತೆ ರುಬ್ಬಿದರೆ ನಾರು ತುಂಡಾಗಿ ಹಾಳೆ ಬಲ ಕಳೆದುಕೊಳ್ಳುತ್ತದೆ.

ಹಳೆ ಕಾಟನ್ ಪಂಚೆ ಹಾಕಬಹುದಾ ಎಂದರೆ, ಮಿಕ್ಸಿಗಂತೂ ಬೇಡ. ದಾರ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಆದರೆ ಹತ್ತಿಯ ನಾರು ಉದ್ದ, ಗಟ್ಟಿ. ನಮ್ಮ ನೋಟುಗಳ ಕಾಗದ ಹತ್ತಿಯದೇ. ಅಂಗಿ ಜೇಬಿನಲ್ಲಿ ಮರೆತ ನೋಟು ವಾಷಿಂಗ್ ಮಷಿನ್‌ನಿಂದ ಇಡಿಯಾಗಿ ಬರುತ್ತದೆ, ಬಸ್ ಟಿಕೆಟ್ ಮುದ್ದೆಯಾಗಿ ಬರುತ್ತದೆ ಅಲ್ವಾ! ನೋಟಿನ ಕಾಗದ ಮಾಡುವ ಕಾರ್ಖಾನೆಯೊಂದು ಮೈಸೂರಿನಲ್ಲೇ ಇದೆ.

ಎತ್ತುವುದೇ ಕಸುಬು

ಒಂದೇ ಅಳತೆಯ ಎರಡು ಮರದ ಚೌಕಟ್ಟು ಬೇಕು. ಹಳೆ ಫೋಟೊ ಫ್ರೇಮ್ ಆದೀತು. ಒಂದಕ್ಕೆ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆಯಿರಿ. ಇನ್ನೊಂದು ಖಾಲಿ ಇರಲಿ, ಅದನ್ನು ಜಾಲರಿಯ ಮೇಲೆ ಅಂಚಿನಂತೆ ಇಡಬೇಕು.

ಅಗಲ ಟಬ್ಬಿನಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು ತುಂಬಿ, ರುಬ್ಬಿದ್ದನ್ನು ಸುರಿದು ಕೈಯಾಡಿಸಿ. ಚೌಕಟ್ಟುಗಳನ್ನು ಜೋಡಿಸಿ ಹಿಡಿದು, ಓರೆಯಾಗಿ ಮುಳುಗಿಸಿ, ಮಟ್ಟಸವಾಗಿ ಎತ್ತಿ. ನೀರು ಇಳಿಯುತ್ತಿರುವಾಗಲೇ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಾಡಿಸಿ.

ಈ ಅಲುಗಾಟಕ್ಕೆ ಕಾರಣವಿದೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಗೆ ಹರಿಯಿರಿ, ಸಾಕಷ್ಟು ನೇರ ಬರುತ್ತದೆ. ಅಡ್ಡಕ್ಕೆ ಹರಿದರೆ ಸೊಟ್ಟಸೊಟ್ಟ. ಯಂತ್ರ ಓಡುವ ದಿಕ್ಕಿನಲ್ಲೇ ಹೆಚ್ಚು ನಾರು ಮಲಗಿರುವುದು ಅದಕ್ಕೆ ಕಾರಣ. ನಿಮ್ಮ ಹಾಳೆಯಲ್ಲಿ ನಾರು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳಲಿ. ಮೊದಲ ನಾಲ್ಕೈದು ಹಾಳೆ ಕೆಡುತ್ತವೆ. ಮತ್ತೆ ಟಬ್ಬಿಗೆ ಹಾಕಿ, ನಷ್ಟವೇನಿಲ್ಲ.

ಖಾಲಿ ಚೌಕಟ್ಟು ತೆಗೆದು, ಜಾಲರಿಯನ್ನು ಒದ್ದೆ ಬಟ್ಟೆಯ ಮೇಲೆ ಬೋರಲು ಹಾಕಿ. ಹಿಂಬದಿಯಿಂದ ಸ್ಪಂಜಿನಲ್ಲಿ ನೀರು ಹೀರಿ, ಒಂದು ಅಂಚಿನಿಂದ ಮೆಲ್ಲಗೆ ಎತ್ತಿ. ಹಾಳೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಹೀಗೆ ಬಟ್ಟೆ, ಹಾಳೆ, ಬಟ್ಟೆ ಎಂದು ಪೇರಿಸಿ, ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ತುಂಬಿದ ಬಿಂದಿಗೆ ಹೇರಿ. ಒಂದೆರಡು ಗಂಟೆ ಬಿಟ್ಟು ಬಟ್ಟೆ ಸಮೇತ ನೆರಳಲ್ಲಿ ಒಣಗಿಸಿ.

ಗಂಜಿಯ ಕೆಲಸ

ಒಣಗಿದ ಹಾಳೆಯ ಮೇಲೆ ಇಂಕ್ ಪೆನ್ನು ಇಟ್ಟರೆ ಶಾಯಿ ಹರಡುತ್ತದೆ. ತೆಳ್ಳನೆ ಅನ್ನದ ಗಂಜಿ ಸೋಸಿ, ಬ್ರಷ್‌ನಲ್ಲಿ ಎರಡೂ ಕಡೆ ಸವರಿ ಮತ್ತೆ ಒಣಗಿಸಿ. ಸ್ಟೀಲ್ ಲೋಟದ ತಳದಿಂದ ಉಜ್ಜಿದರೆ ನಯವಾಗುತ್ತದೆ. ನಮ್ಮ ಹಿಂದಿನವರ ಕಡತಕ್ಕೂ ಇಂಥದ್ದೇ ಉಪಾಯ ಇತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು.

ದಪ್ಪ ತಿಳಿಯಬೇಕಾದರೆ ತೂಗಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ. ಎ4 ಅಳತೆಯ 16 ಹಾಳೆ ಸೇರಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂ ಜೆರಾಕ್ಸ್ ಹಾಳೆ 5 ಗ್ರಾಂ ತೂಗುತ್ತದೆ. ನಿಮ್ಮ ಹಾಳೆ ಅದೇ ಅಳತೆಯಲ್ಲಿ 12 ಗ್ರಾಂ ಬಂದರೆ ಗ್ರೀಟಿಂಗ್ ಕಾರ್ಡಿಗೆ ಸರಿಹೋಗುತ್ತದೆ.

ಟಬ್ಬಿನ ನೀರನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ನಾನು ಸುರಿದು, ಪೈಪಿನೊಳಗೇ ಒಂದು ಹಾಳೆ ಮಾಡಿಟ್ಟು, ಪ್ಲಂಬರ್‌ಗೆ ಫೋನ್ ಮಾಡಿದ್ದೆ. ಬಟ್ಟೆಯಲ್ಲಿ ಸೋಸಿ, ನೀರನ್ನು ಗಿಡಕ್ಕೆ ಹಾಕಿ. ಉಳಿದ ನಾರನ್ನು ಹಿಂಡಿ, ಉಂಡೆ ಕಟ್ಟಿ ಒಣಗಿಸಿಡಿ. ಮುಂದಿನ ಸಲ ನೆನೆಸಿದರೆ ಆಯಿತು.