ದೇಣಿಗೆ ಸಂಗ್ರಹ: ಮೂಟೆ ಕಟ್ಟುವ ಮೊದಲು ಒಂದು ಫೋನ್ ಮಾಡಿ

ನಮ್ಮ ಬೀದಿಯವರೆಲ್ಲ ಸೇರಿ ಮೊದಲ ಸಲ ಬಟ್ಟೆಬರೆ ಸಂಗ್ರಹಿಸಿದಾಗ ಬಂದ ಮೂಟೆಗಳಲ್ಲಿ ಒಂದರ ನೆನಪು ಇನ್ನೂ ಹಾಗೇ ಇದೆ. ಮೇಲ್ಗಡೆ ಎರಡು ಒಳ್ಳೆಯ ಸ್ವೆಟರ್. ಕೈ ಹಾಕಿದಂತೆ ಕಾಲರ್ ಸವೆದ ಅಂಗಿಗಳು, ಜಿಪ್ ಕಿತ್ತ ಪ್ಯಾಂಟು, ಒದ್ದೆಯಾಗಿ ಮುಗ್ಗಲು ಹಿಡಿದ ಒಂದು ಹೊದಿಕೆ. ತಳದಲ್ಲಿ ಒಂದು ಬೂಟು. ಎಡಗಾಲಿನದು. ಅದರ ಜೋಡಿಗಾಗಿ ಉಳಿದ ಮೂಟೆಗಳನ್ನೆಲ್ಲ ತಡಕಿದೆವು, ಸಿಗಲಿಲ್ಲ. ಆ ಸಂಜೆ ನಾವು ಹಂಚಿದ್ದಕ್ಕಿಂತ ಎಸೆದದ್ದೇ ಹೆಚ್ಚು. ಕೊಟ್ಟವರಲ್ಲಿ ಯಾರೂ ಕೆಟ್ಟವರಲ್ಲ. ನಾವು ‘ಏನಾದರೂ ಕೊಡಿ’ ಎಂದಿದ್ದೆವು, ಅವರು ಏನಾದರೂ ಕೊಟ್ಟಿದ್ದರು.

ಈ ತಪ್ಪು ನಮ್ಮ ಬೀದಿಗಷ್ಟೇ ಸೀಮಿತವಲ್ಲ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಅಲ್ಲಾಡಿಸಿದಾಗ, ದೇಣಿಗೆಯಾಗಿ ಬಂದ ಬಟ್ಟೆಗಳ ರಾಶಿ ರನ್‌ವೇಯನ್ನೇ ಆವರಿಸಿ, ನಿಜವಾಗಿ ಬೇಕಿದ್ದ ಸಾಮಗ್ರಿ ಹೊತ್ತ ವಿಮಾನಕ್ಕೆ ಇಳಿಯಲು ಜಾಗವಿರಲಿಲ್ಲ. 2012ರಲ್ಲಿ ಅಮೆರಿಕದ ನ್ಯೂಟೌನ್‌ನ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ಮೇಲೆ, ಆ ಊರಿನ ಜನಸಂಖ್ಯೆಗಿಂತ ಹೆಚ್ಚು ಕರಡಿ ಗೊಂಬೆಗಳು ಬಂದು ಬಿದ್ದವು. ಅವನ್ನಿಡಲು ಗೋದಾಮು, ವಿಂಗಡಿಸಲು ನೂರಾರು ಕೈ ಬೇಕಾದವು. ಪರಿಹಾರ ಕೆಲಸದಲ್ಲಿ ಪಳಗಿದವರು ಇದನ್ನು ‘ಎರಡನೇ ವಿಪತ್ತು’ ಎನ್ನುತ್ತಾರೆ. ಬೀದಿಯ ಮಟ್ಟದಲ್ಲಿ ಇದು ನಾಲ್ಕು ಮೂಟೆಯ ಕಸವಾಗಿ ಕಾಣಿಸುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಕೆಲಸ ಶುರು ಮಾಡುವುದು ಎಲ್ಲಿಂದ? ಪಡೆಯುವವರ ಬಾಗಿಲಿನಿಂದ. ಅಲ್ಲಿಂದ ಹಿಂದಕ್ಕೆ ನಡೆದು ಕೊನೆಗೆ ನಿಮ್ಮ ಬೀದಿಗೆ ಬನ್ನಿ.

ಮೊದಲು: ಕೇಳುವುದು

ಆಶ್ರಯಧಾಮ, ವೃದ್ಧಾಶ್ರಮ, ಊಟ ಹಂಚುವ ಸಂಸ್ಥೆ, ಬೆಂಕಿ ಬಿದ್ದು ಮನೆ ಕಳೆದುಕೊಂಡ ನಾಲ್ಕು ಕುಟುಂಬ, ಹೀಗೆ ಯಾರಿಗೆ ಕೊಡಬೇಕೆಂದಿದ್ದೀರೋ ಅವರಿಗೆ ಅಥವಾ ಅವರ ನಡುವೆ ದಿನವೂ ಓಡಾಡುವವರಿಗೆ ಫೋನ್ ಮಾಡಿ. ‘ಏನು ಬೇಕು?’ ಎಂದು ಕೇಳಿದರೆ ‘ಏನು ಕೊಟ್ಟರೂ ಸಂತೋಷ’ ಎಂಬ ಉತ್ತರ ಬರುತ್ತದೆ. ಬೇಡುವ ಸ್ಥಾನದಲ್ಲಿ ನಿಂತವರಿಗೆ ಬೇಡ ಎನ್ನುವುದು ಕಷ್ಟ. ಆದ್ದರಿಂದ ಪ್ರಶ್ನೆಯನ್ನೇ ತಿರುಗಿಸಿ. ಕಳೆದ ತಿಂಗಳು ನೀವೇ ಕೈಯಿಂದ ಹಣ ಹಾಕಿ ಕೊಂಡದ್ದು ಏನು? ಯಾವುದು ರಾಶಿ ಬಿದ್ದಿದೆ, ತರಲೇಬೇಡಿ ಎನ್ನುವಂಥದ್ದು ಯಾವುದು? ಎಷ್ಟು ಜನ, ಯಾವ ವಯಸ್ಸಿನವರು, ಯಾವ ಅಳತೆ? ಇಡಲು ಎಷ್ಟು ಜಾಗವಿದೆ, ಯಾವ ದಿನ ಯಾವ ಹೊತ್ತಿಗೆ ತಂದರೆ ಇಳಿಸಿಕೊಳ್ಳಲು ಜನ ಇರುತ್ತಾರೆ?

ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ಬೆಲೆಬಾಳುವಂಥದ್ದು. ಒಂದು ಕಡೆ ನಮಗೆ ಸಿಕ್ಕ ಉತ್ತರ: ‘ಬಟ್ಟೆ ಸಾಕಪ್ಪಾ, ಒಳ ಉಡುಪು ತಂದುಕೊಡಿ. ಹೊಸದು. ಅದನ್ನು ಯಾರೂ ಕೊಡುವುದಿಲ್ಲ.’ ನಿಜವೇ. ಮನೆಯ ಕಪಾಟು ಖಾಲಿ ಮಾಡುವಾಗ ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಸಾಬೂನು, ಟೂತ್‌ಬ್ರಷ್ ಯಾರ ಕೈಗೂ ಸಿಗುವುದಿಲ್ಲ. ಇವನ್ನು ಅಂಗಡಿಯಿಂದ ಹೊಸದಾಗಿ ತರಬೇಕು.

ಎಷ್ಟು ಬೇಕೆಂಬ ಅಂದಾಜಿಗೆ ಪರಿಹಾರ ಸಂಸ್ಥೆಗಳು ಬಳಸುವ ಸ್ಫಿಯರ್ ಕೈಪಿಡಿಯ ಅಳತೆಗಳು ಒಳ್ಳೆಯ ಆಧಾರ. ಒಬ್ಬರಿಗೆ ತಿಂಗಳಿಗೆ ಸ್ನಾನದ ಸಾಬೂನು 250 ಗ್ರಾಂ, ಬಟ್ಟೆ ಒಗೆಯುವ ಸಾಬೂನು 200 ಗ್ರಾಂ, ತಲೆಗೆ ಕನಿಷ್ಠ ಎರಡು ಜೊತೆ ಪೂರ್ತಿ ಬಟ್ಟೆ. 40 ಜನರಿದ್ದರೆ ತಿಂಗಳಿಗೆ 10 ಕಿಲೋ ಸ್ನಾನದ ಸಾಬೂನು, 8 ಕಿಲೋ ಬಟ್ಟೆ ಸಾಬೂನು. ಲೆಕ್ಕ ಹೀಗೆ ಕೈಗೆ ಸಿಕ್ಕಿದರೆ ‘ಸಾಬೂನು ಕೊಡಿ’ ಎನ್ನುವ ಬದಲು ‘100 ಗ್ರಾಮಿನ 100 ಸಾಬೂನು ಬೇಕು, 62 ಬಂದಿದೆ’ ಎಂದು ಹೇಳಬಹುದು. ಉಳಿದ 38 ತುಂಬಲು ಜನ ತಾವಾಗಿ ಮುಂದೆ ಬರುತ್ತಾರೆ.

ಎರಡನೆಯದು: ಐದೇ ಐದು ವಸ್ತುಗಳ ಪಟ್ಟಿ

ಪಟ್ಟಿ ಚಿಕ್ಕದಿರಲಿ. ಐದಕ್ಕಿಂತ ಹೆಚ್ಚು ಬರೆದರೆ ಓದುವವರು ಅದನ್ನು ‘ಎಲ್ಲವೂ ಆಗುತ್ತದೆ’ ಎಂದೇ ಅರ್ಥ ಮಾಡಿಕೊಳ್ಳುತ್ತಾರೆ. ಪ್ರತಿ ವಸ್ತುವಿನ ಮುಂದೆ ಅಳತೆ, ಸಂಖ್ಯೆ, ಹೊಸದೋ ಬಳಸಿದ್ದೂ ನಡೆಯುತ್ತದೋ ಎಂಬುದು ಇರಲಿ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಬೇಡದವುಗಳ ಪಟ್ಟಿ.

ಬೇಡದ ಪಟ್ಟಿಯಲ್ಲಿ ಮೂರು ವಸ್ತುಗಳ ವಿಷಯದಲ್ಲಿ ರಾಜಿ ಬೇಡ. ಮೊದಲನೆಯದು ಔಷಧ. ಅರ್ಧ ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಜನ ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಯಾವ ಮಾತ್ರೆ ಯಾರಿಗೆ ಎಂದು ತೀರ್ಮಾನಿಸುವುದು ಬೀದಿಯ ಸ್ವಯಂಸೇವಕರ ಕೆಲಸವಲ್ಲ. 1992ರಿಂದ 1996ರವರೆಗೆ ಯುದ್ಧದಲ್ಲಿದ್ದ ಬೋಸ್ನಿಯಾಕ್ಕೆ ಬಂದ ಔಷಧಗಳಲ್ಲಿ ಸುಮಾರು 17,000 ಟನ್ ಉಪಯೋಗಕ್ಕೆ ಬಾರದವು ಎಂದು ಅಂದಾಜಿಸಲಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆಂದೇ 1996ರಲ್ಲಿ ಮಾರ್ಗಸೂಚಿ ತಂದಿತು. ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕು, ರೋಗಿಗೆ ಒಮ್ಮೆ ಕೊಟ್ಟು ವಾಪಸಾದ ಔಷಧ ಕೂಡದು ಎಂಬುದು ಅದರ ಸಾರ.

ಎರಡನೆಯದು ಹಸುಗೂಸಿನ ಹಾಲಿನ ಪುಡಿ. ಕೊಡುವವರ ಕಣ್ಣಿಗೆ ಇದಕ್ಕಿಂತ ಪುಣ್ಯದ ವಸ್ತು ಇನ್ನೊಂದಿಲ್ಲ. ಆದರೆ ಶುದ್ಧ ನೀರು, ಬಾಟಲಿ ಕುದಿಸುವ ಅನುಕೂಲ ಇಲ್ಲದ ಕಡೆ ಅದೇ ಪುಡಿಯಿಂದ ಕೂಸಿಗೆ ಭೇದಿ ಹಿಡಿಯುತ್ತದೆ. ಪುಕ್ಕಟೆ ಡಬ್ಬಿ ಸಿಕ್ಕಿತೆಂದು ಎದೆಹಾಲು ಕಡಿಮೆ ಮಾಡಿದ ತಾಯಿಗೆ ಡಬ್ಬಿ ಮುಗಿದ ಮೇಲೆ ಎರಡೂ ಇಲ್ಲ. ನಿಜವಾಗಿ ಬೇಕಾದ ಕೂಸಿಗೆ ಆರೋಗ್ಯ ಕಾರ್ಯಕರ್ತರ ಮೂಲಕವೇ ಹೋಗಬೇಕು. ಮೂರನೆಯದು ಬಳಸಿದ ಹಾಸಿಗೆ ಮತ್ತು ದಿಂಬು. ಅದರ ಹೊಲಿಗೆಯಲ್ಲಿ ಅಡಗಿದ ಒಂದು ತಿಗಣೆ ಸಾಕು, ಇಡೀ ಆಶ್ರಯಧಾಮದ ನಿದ್ದೆ ಹೋಯಿತು.

ಮೂರನೆಯದು: ದಿನ, ಜಾಗ, ಜನ

ಸಂಗ್ರಹದ ಅವಧಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ತಿಂಗಳಿಡೀ ಮೂಲೆಯಲ್ಲಿ ಪೆಟ್ಟಿಗೆ ಇಟ್ಟರೆ ಅದು ಎರಡನೇ ವಾರಕ್ಕೆ ಕಸದ ತೊಟ್ಟಿಯಾಗುತ್ತದೆ. ನಮ್ಮ ಅನುಭವದಲ್ಲಿ ಎರಡು ಬೆಳಗಿನ ಹೊತ್ತು, ತಲಾ ಮೂರು ಗಂಟೆ, ಒಂದು ಮೇಜು, ಮೇಜಿನ ಹಿಂದೆ ಇಬ್ಬರು ಇದ್ದರೆ ಸಾಕು. ಮನುಷ್ಯರು ಕೂತಿದ್ದಲ್ಲಿಗೆ ಯಾರೂ ಒಂಟಿ ಬೂಟು ತಂದುಕೊಡುವುದಿಲ್ಲ.

ಜಾಗ ನೋಡುವಾಗ ಸಂಗ್ರಹಿಸುವ ಜಾಗವನ್ನಷ್ಟೇ ನೋಡಬೇಡಿ. ವಿಂಗಡಿಸಲು ಅದರ ಎರಡರಷ್ಟು ನೆಲ ಬೇಕು. ಮೇಲೆ ಸೂರು, ನೆಲಕ್ಕೆ ಟಾರ್ಪಾಲು, ಗಾಡಿ ಬಂದು ನಿಲ್ಲಲು ದಾರಿ. ಒದ್ದೆಯಾದ ಒಂದು ಹೊದಿಕೆ ಎರಡು ದಿನದಲ್ಲಿ ಇಡೀ ಮೂಟೆಗೆ ವಾಸನೆ ಹಿಡಿಸುತ್ತದೆ.

ಹತ್ತು ಜನ ಸಿಕ್ಕರೆ ಇಬ್ಬರು ಮೇಜಿಗೆ, ಐವರು ವಿಂಗಡಣೆಗೆ, ಒಬ್ಬರು ಲೆಕ್ಕಕ್ಕೆ, ಇಬ್ಬರು ಸಾಗಣೆಗೆ. ಉದ್ಘಾಟನೆಗೆ ಯಾರೂ ಬೇಡ. ವಿಂಗಡಣೆಗೆ ಹೆಚ್ಚು ಜನ ಏಕೆಂದರೆ ಸಮಯ ತಿನ್ನುವುದು ಅದೇ, ಮತ್ತು ಮೊದಲ ದಿನದ ಹುರುಪಿನಲ್ಲಿ ಬಂದವರು ನಾಪತ್ತೆಯಾಗುವುದೂ ಆ ಹೊತ್ತಿಗೇ.

ನಾಲ್ಕನೆಯದು: ವಿಂಗಡಣೆ

ಇದೇ ನಿಜವಾದ ಕೆಲಸ, ಇಲ್ಲಿ ನಿಧಾನವಾಗಿ ಹೋಗೋಣ.

ಒಂದು ಅಂಗಿ ಕೈಗೆತ್ತಿಕೊಳ್ಳಿ. ಎರಡೂ ಭುಜ ಹಿಡಿದು ಬೆಳಕಿಗೆ ಒಡ್ಡಿ, ತೂತು ಇದ್ದರೆ ಆಗಲೇ ಕಾಣುತ್ತದೆ. ಕಾಲರಿನ ಒಳಮಡಿಕೆ, ಕಂಕುಳು, ಕಫ್, ಈ ಮೂರು ಕಡೆ ಕಲೆ. ಗುಂಡಿಗಳನ್ನು ಎಣಿಸಿ, ಜಿಪ್ ಇದ್ದರೆ ಒಮ್ಮೆ ಮೇಲೆ ಕೆಳಗೆ ಎಳೆಯಿರಿ. ಜೇಬಿನೊಳಗೆ ಕೈ ಹಾಕಿ. ಕೀಲಿಕೈ, ಚೀಟಿ, ಒಮ್ಮೆ ಒಂದು ಉಂಗುರವೂ ಸಿಕ್ಕಿದ್ದುಂಟು. ಕೊನೆಗೆ ಮೂಗಿನ ಹತ್ತಿರ ಹಿಡಿಯಿರಿ. ಕೈ ಪಳಗಿದ ಮೇಲೆ ಇಷ್ಟಕ್ಕೂ ಅರ್ಧ ನಿಮಿಷ ಬೇಡ. ಅನುಮಾನ ಬಂದರೆ ಒಂದೇ ಪ್ರಶ್ನೆ: ಇದನ್ನು ನನ್ನ ತಂಗಿಗೆ ಅಥವಾ ಗೆಳೆಯನಿಗೆ ಮುಖ ನೋಡಿ ಕೊಡಬಲ್ಲೆನೇ? ತಡವರಿಸಿದರೆ ಪಕ್ಕಕ್ಕಿಡಿ.

ನೆಲದ ಮೇಲೆ ಮೂರು ರಾಶಿ. ಕೊಡುವಂಥದ್ದು, ಒಂದು ಗುಂಡಿಯೋ ಹೊಲಿಗೆಯೋ ಹಾಕಿದರೆ ಕೊಡಬಹುದಾದದ್ದು, ಆಗದಿರುವುದು. ನಡುವಿನ ರಾಶಿಯ ಬಗ್ಗೆ ಪ್ರಾಮಾಣಿಕರಾಗಿರಿ. ಸೂಜಿ ದಾರ ಹಿಡಿದು ಕೂರುವವರು ಒಬ್ಬರಾದರೂ ಇಲ್ಲದಿದ್ದರೆ ಆ ರಾಶಿ ಮೂರನೆಯದಕ್ಕೆ ಸೇರಿತು ಎಂದೇ ತಿಳಿಯಿರಿ. ಮೂರನೆಯದರಲ್ಲಿನ ಹತ್ತಿಬಟ್ಟೆ ಒರೆಸುವ ತುಂಡಾಗುತ್ತದೆ, ಉಳಿದದ್ದು ಹಳೆಬಟ್ಟೆ ಮರುಬಳಕೆಯವರಿಗೆ.

ಚಪ್ಪಲಿ, ಬೂಟುಗಳನ್ನು ಕೈಗೆ ಬಂದ ಕ್ಷಣವೇ ಜೋಡಿ ಕಟ್ಟಿ. ಲೇಸ್ ಇದ್ದರೆ ಲೇಸಿನಿಂದ, ಇಲ್ಲದಿದ್ದರೆ ರಬ್ಬರ್ ಬ್ಯಾಂಡ್. ‘ಆಮೇಲೆ ಕಟ್ಟೋಣ’ ಎಂದವರಿಗೆ ಒಂಟಿ ಬೂಟೇ ಗತಿ.

ದಿನಸಿ ಪೊಟ್ಟಣಗಳ ಮೇಲಿನ ತಾರೀಖು ಓದುವುದರಲ್ಲಿ ಗೊಂದಲ ಸಾಮಾನ್ಯ. ‘ಬೆಸ್ಟ್ ಬಿಫೋರ್’ ಎನ್ನುವುದು ರುಚಿ, ಗುಣಮಟ್ಟದ ಮಾತು. ‘ಯೂಸ್ ಬೈ’ ಎನ್ನುವುದು ಸುರಕ್ಷತೆಯದು, ಅದು ದಾಟಿದ್ದನ್ನು ಕೊಡುವ ಹಾಗಿಲ್ಲ. ಮೊದಲನೆಯದು ದಾಟಿದ್ದನ್ನೂ ನಾವು ತೆಗೆದುಕೊಳ್ಳುವುದಿಲ್ಲ. ತಿಂದರೆ ತೊಂದರೆಯಿಲ್ಲದಿರಬಹುದು, ಆದರೆ ತಾರೀಖು ಮುಗಿದ ಪೊಟ್ಟಣ ಕೈಯಲ್ಲಿ ಹಿಡಿದವರಿಗೆ ಹೇಗನ್ನಿಸುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಉಬ್ಬಿದ ಡಬ್ಬಿ, ಸೀಲು ಒಡೆದ ಪೊಟ್ಟಣ, ಮನೆಯಲ್ಲಿ ಬೇರೆ ಡಬ್ಬಿಗೆ ಸುರಿದು ತಂದದ್ದು, ಇವು ಬೇಡ.

ಕಟ್ಟುವಾಗ ಸಾಬೂನನ್ನು ತಿನ್ನುವ ಪದಾರ್ಥದ ಜೊತೆ ಇಡಬೇಡಿ. ಹಿಟ್ಟು ಎರಡೇ ದಿನದಲ್ಲಿ ಸಾಬೂನಿನ ವಾಸನೆ ಹೀರುತ್ತದೆ, ಇದನ್ನು ನಾವು ಕಲಿತದ್ದು ಒಂದು ಚೀಲ ಹಿಟ್ಟು ಕೊಟ್ಟು. ಪೆಟ್ಟಿಗೆ ಒಬ್ಬರೇ ಎತ್ತುವಷ್ಟು ಭಾರವಿರಲಿ. ಪುಸ್ತಕಗಳಿಗೆ ಚಿಕ್ಕ ಪೆಟ್ಟಿಗೆ, ಇಲ್ಲದಿದ್ದರೆ ತಳ ಕಿತ್ತು ಬರುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆ. ಮೇಲೊಂದು ಕಡೆ, ಪಕ್ಕದಲ್ಲೊಂದು ಕಡೆ ಮಾರ್ಕರಿನಲ್ಲಿ ದಪ್ಪಗೆ ಬರೆಯಿರಿ: ‘ಮಕ್ಕಳ ಸ್ವೆಟರ್, 6ರಿಂದ 8 ವರ್ಷ, 22’. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮೇಲಿನ ಬರಹ ಕಾಣುವುದಿಲ್ಲ, ಪಕ್ಕದ್ದೇ ಕೆಲಸಕ್ಕೆ ಬರುವುದು.

ಹಣದ ಮಾತು

ವಸ್ತುವಿಗಿಂತ ಹಣ ಮೇಲು ಎಂದು ಪಳಗಿದವರೆಲ್ಲ ಹೇಳುತ್ತಾರೆ, ಒಪ್ಪುವಂಥದ್ದೇ. ಬೇಕಾದದ್ದನ್ನು ಬೇಕಾದ ಅಳತೆಯಲ್ಲಿ, ಅಲ್ಲೇ ಹತ್ತಿರದಲ್ಲಿ ಕೊಳ್ಳಬಹುದು. ಸಾಗಣೆ, ವಿಂಗಡಣೆ ಯಾವುದೂ ಇಲ್ಲ. ಆದರೂ ಕೈಯಾರೆ ಒಂದು ವಸ್ತು ಕೊಡಬೇಕೆಂಬ ಆಸೆ ಜನರಿಗಿರುತ್ತದೆ, ಅದನ್ನು ಅಲ್ಲಗಳೆಯುವುದು ಜಾಣತನವಲ್ಲ. ಎರಡಕ್ಕೂ ದಾರಿ ಬಿಡಿ.

ಹಣ ಮುಟ್ಟುವುದಾದರೆ ಮೊದಲ ದಿನದಿಂದಲೇ ಶಿಸ್ತು. ಒಬ್ಬರ ಸ್ವಂತ ಖಾತೆಗೆ ಹಾಕಿಸಿಕೊಳ್ಳುವುದು ಸುಲಭ ಕಂಡರೂ, ಜಗಳಕ್ಕೂ ಅದೇ ಸುಲಭದ ದಾರಿ. ಸಾಧ್ಯವಾದರೆ ನೋಂದಾಯಿತ ಸಂಸ್ಥೆಯ ಖಾತೆಗೆ ನೇರವಾಗಿ ಹೋಗಲಿ, ರಶೀದಿಯನ್ನು ಅವರೇ ಕೊಡಲಿ. ನಗದನ್ನು ಇಬ್ಬರು ಕೂತು ಎಣಿಸಿ, ಇಬ್ಬರೂ ಸಹಿ ಹಾಕಿ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಒಂದು ಪುಟದ ಲೆಕ್ಕ, ಬಿಲ್ಲುಗಳ ಫೋಟೊ ಸಮೇತ, ವಾರದೊಳಗೆ ಬೀದಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬರಲಿ. ಗಾಡಿ ಬಾಡಿಗೆಯೂ ಅದರಲ್ಲಿ ಕಾಣಲಿ. ಬಚ್ಚಿಟ್ಟ ಬಾಡಿಗೆಯೇ ಮುಂದೆ ಅನುಮಾನದ ಬೀಜ.

ಹಂಚುವುದು

ಆದಷ್ಟೂ ನೀವೇ ಹಂಚಲು ಹೋಗಬೇಡಿ. ಈಗಾಗಲೇ ಆ ಕೆಲಸ ಮಾಡುತ್ತಿರುವವರ ಕೈಗೆ ಒಪ್ಪಿಸಿ. ಜಗತ್ತಿನ ಮೊದಲ ಆಹಾರ ಬ್ಯಾಂಕ್ ಎನ್ನಿಸಿಕೊಂಡದ್ದನ್ನು ಜಾನ್ ವ್ಯಾನ್ ಹೆಂಗೆಲ್ 1967ರಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಶುರು ಮಾಡಿದ್ದು ಇದೇ ಯೋಚನೆಯಿಂದ: ಹೆಚ್ಚಾದದ್ದನ್ನು ಒಂದೆಡೆ ಜಮಾ ಮಾಡುವುದು, ಬೇಕಾದವರು ಅಲ್ಲಿಂದ ಪಡೆಯುವುದು.

ನೀವೇ ಹಂಚಬೇಕಾಗಿ ಬಂದರೆ ಕಟ್ಟಿದ ಚೀಲ ಕೈಗಿಡುವ ಬದಲು ಮೇಜುಗಳ ಮೇಲೆ ಅಳತೆವಾರು ಜೋಡಿಸಿ, ಬಂದವರು ನೋಡಿ ಆರಿಸಿಕೊಳ್ಳಲಿ. ಹಿಂದಿನ ದಿನವೇ ಚೀಟಿ ಕೊಟ್ಟು, ಗಂಟೆಗೆ ಇಷ್ಟು ಮನೆಯವರು ಎಂದು ಹಂಚಿಬಿಟ್ಟರೆ ಬಿಸಿಲಲ್ಲಿ ಸಾಲು ನಿಲ್ಲಿಸುವ ಪಾಡಿಲ್ಲ. ಸ್ಯಾನಿಟರಿ ಪ್ಯಾಡು, ಒಳ ಉಡುಪುಗಳನ್ನು ಬೇರೊಂದು ಕೋಣೆಯಲ್ಲಿ, ಹೆಂಗಸರೇ ಕೊಡಲಿ. ಹೆಸರು, ವಿಳಾಸದ ಪಟ್ಟಿ ಒಬ್ಬರ ಬಳಿ ಇರಲಿ, ಗ್ರೂಪಿನಲ್ಲಿ ತಿರುಗಬಾರದು.

ಫೋಟೊ? ಪೆಟ್ಟಿಗೆಗಳದ್ದು ತೆಗೆಯಿರಿ, ವಿಂಗಡಿಸುವ ಕೈಗಳದ್ದು ತೆಗೆಯಿರಿ. ಪಡೆಯುವವರ ಮುಖ ಬೇಡ. ‘ದಾನಿಗಳು ಕೇಳುತ್ತಾರೆ’ ಎಂಬ ಮಾತು ಬರುತ್ತದೆ. ದಾನಿಗಳಿಗೆ ಬೇಕಾದದ್ದು ಲೆಕ್ಕ, ಅದನ್ನು ಆಗಲೇ ಕೊಟ್ಟಿದ್ದೀರಿ. ಸಾಬೂನಿಗೆ ಕೈಯೊಡ್ಡಿದ ತನ್ನಮ್ಮನ ಚಿತ್ರ ಸಹಪಾಠಿಯ ಫೋನಿನಲ್ಲಿ ಕಂಡ ಮಗುವಿಗೆ ನಾವು ಏನೆಂದು ಉತ್ತರ ಕೊಡುತ್ತೇವೆ?

ಹತ್ತು ದಿನದ ಮೇಲೆ

ಮೊದಲು ಫೋನ್ ಮಾಡಿದ್ದಿರಲ್ಲ, ಅವರಿಗೇ ಮತ್ತೊಮ್ಮೆ ಮಾಡಿ. ಯಾವುದು ಮೊದಲು ಖಾಲಿಯಾಯಿತು, ಯಾವ ಪೆಟ್ಟಿಗೆ ಇನ್ನೂ ಬಿಚ್ಚದೆ ಕೂತಿದೆ ಎಂದು ಕೇಳಿ ಬರೆದುಕೊಳ್ಳಿ. ಬಿಚ್ಚದ ಪೆಟ್ಟಿಗೆ ಇದ್ದರೆ ವಾಪಸು ತಂದು ಬೇರೆಡೆ ಮುಟ್ಟಿಸುವುದೂ ನಿಮ್ಮದೇ ಜವಾಬ್ದಾರಿ. ನಮ್ಮ ನೋಟ್‌ಬುಕ್ಕಿನಲ್ಲಿ ಕಳೆದ ಸಲದ ಪುಟ ಹೀಗಿದೆ: ‘ಸ್ವೆಟರ್ ಹೆಚ್ಚಾಯಿತು. ಬಕೆಟ್ ಸಾಲದು. ನೈಲ್ ಕಟರ್, ಬಾಚಣಿಗೆ, ದಾರದ ಉಂಡೆ ಕೇಳಿದರು. ಓದುವ ಕನ್ನಡಕ ಇದೆಯೇ ಎಂದು ಅಜ್ಜಿಯೊಬ್ಬರು ಕೇಳಿದರು. ಯಾರಲ್ಲಿ ವಿಚಾರಿಸುವುದು?’

ಮುಂದಿನ ಸಲದ ಮೊದಲ ಫೋನ್ ಕಣ್ಣಿನ ಆಸ್ಪತ್ರೆಗೆ.